ರಾತ್ರಿಪಾಳಿ, ಬೈತಖೋಲ

ತಲಾಟಿ ಹುದ್ದೆಯ ಆದೇಶ ಬಂದಿತ್ತು, ಹೌದು.
ಹೋಗಲಿಲ್ಲ.
ಮೊದಲೇ ಆ ಕಚೇರಿಯ ಬಾಗಿಲಲ್ಲಿ ನಿಂತು ನೋಡಿಬಂದಿದ್ದೆ:
ತಲಾಟಿಯ ತಲೆಯೊಳಗೆ ಊರಿನ ಗಡಿಕಲ್ಲುಗಳೆಲ್ಲ
ಊಟದ ಹೊತ್ತಿಗೂ ಎದ್ದು ಜಗಳವಾಡುತ್ತವೆ.
ಅಲ್ಲಿ ನನ್ನ ಕುದುರೆಗೆ ಜಾಗವೆಲ್ಲಿ?

ಐಸ್ ಪ್ಲಾಂಟಿನಲ್ಲಿ ಹಾಗಲ್ಲ.
ನೀರು ತುಂಬಿದ ಡಬ್ಬಗಳನ್ನು ತೊಟ್ಟಿಗೆ ಇಳಿಸಿದ ಮೇಲೆ
ಹೆಪ್ಪುಗಟ್ಟುವುದು ಅವುಗಳ ಕೆಲಸ, ಕಾಯುವುದು ನನ್ನದು.
ಗಂಟೆಗೊಮ್ಮೆ ಎದ್ದು ಒತ್ತಡದ ಮುಳ್ಳು ನೋಡಿ
ನೀಲಿ ಪುಸ್ತಕದಲ್ಲಿ ಬರೆದರಾಯಿತು.
ಉಳಿದ ಐವತ್ತೈದು ನಿಮಿಷ
ಕಂಪ್ರೆಸರಿನ ಗುಡುಗುಡು, ಅಮೋನಿಯಾದ ಘಾಟು,
ಆನೆ ಮತ್ತು ಒಂದೇ ಕಾಲಾಳಿನ ಕೊನೆಯಾಟ.
ಸುಲಭವೆಂದುಕೊಂಡಿದ್ದೆ. ಮೂರು ವರ್ಷ ಆಯಿತು.

"ಗಡ್ಡೆ ಕಟ್ಟುವವಂಗೆ ಯಾರು ಹೆಣ್ಣು ಕೊಡ್ತಾರೋ?"
ಅಕ್ಕ ರತ್ನಮಾಲಾ ಬಂಗಡೆ ಮಗುಚುತ್ತಲೇ ಕೇಳುತ್ತಾಳೆ.
ಭಾವ ತಣ್ಣಗೆ: "ಆಡ್ಲಿ ಬಿಡು, ಕುಡಿಯೋದಕ್ಕಿಂತ ವಾಸಿ."
ಸಿಟ್ಟು ಬರುವುದು ಭಾವನ ಮೇಲೆ.

ಒಮ್ಮೆ ಪುಸ್ತಕಗಳು ಅದಲುಬದಲಾದವು.
ಬೆಳಿಗ್ಗೆ ಮಾಲೀಕ ಪೆಡ್ನೇಕರರು ಕನ್ನಡಕ ಏರಿಸಿ ಓದಿದರು:
"ಎರಡು ಗಂಟೆ, ಹನ್ನೆರಡೂವರೆ ಕಿಲೋ.
ಮೂರು ಗಂಟೆ, ಆನೆ ಏಳನೇ ಸಾಲಿಗೆ.
ಇದೆಂಥ ಪ್ರೆಶರೋ ಮಾರಾಯಾ?"
ಪ್ರೆಶರೇ ಸಾರ್, ಅಂದೆ, ಕಪ್ಪು ರಾಜನಿಗೆ.
ನಗಲಿಲ್ಲ. ಅರ್ಧ ದಿನದ ಸಂಬಳ ಕಡಿದರು.
ನಡೆ ಮಾತ್ರ ಸರಿಯಿತ್ತು; ರಾತ್ರಿ ಮತ್ತೆ ಪರೀಕ್ಷಿಸಿದೆ.

ಜೂನ್ ಒಂದಕ್ಕೆ ಬೋಟುಗಳು ಲಂಗರು ಹಾಕುತ್ತವೆ.
ಅರವತ್ತೊಂದು ದಿನ ಕಡಲಿಗೆ ರಜೆ, ಮೀನಿಗೆ ಸಂಸಾರ,
ಐಸಿಗೆ ಗಿರಾಕಿಯಿಲ್ಲ, ನನಗೆ ಸಂಬಳವಿಲ್ಲ.
ಇದನ್ನು ನೋಡಿಯೇ ಈ ಕೆಲಸ ಹಿಡಿದದ್ದು ಅಂದರೆ
ಯಾರೂ ನಂಬುವುದಿಲ್ಲ.
ಚೀಲದಲ್ಲಿ ಜೋಡಿ ಮುಖದ ಗಡಿಯಾರ, ಎರಡು ಅಂಗಿ, ಅವಲಕ್ಕಿ.
ರೈಲು ಕಾಳಿಯ ಸೇತುವೆ ಹತ್ತುವಾಗ
ಹೊಳೆ ಯಾವುದು ಕಡಲು ಯಾವುದು ಮಳೆಗೇ ಗೊತ್ತಿರುವುದಿಲ್ಲ.

ಈ ಸಲ ಮಡಗಾಂವಿನಲ್ಲಿ ಎದುರಿಗೆ ಕೂತವನು
ಹನ್ನೊಂದು ವರ್ಷದ ಪೋರ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.
ಅರವತ್ತೆಂಟನೇ ನಡೆಗೆ ಬಂತು ನೋಡಿ, ಅದೇ ಕೊನೆಯಾಟ.
ಡ್ರಾ ಎಂದು ನನ್ನ ಅಷ್ಟೂ ರಾತ್ರಿಗಳಿಗೆ ಗೊತ್ತು.
ಪೋರನಿಗೆ ಒಪ್ಪಿಗೆಯಿಲ್ಲ; ಒತ್ತುತ್ತಲೇ ಹೋದ,
ಕೂತೆ, ಕಾದೆ.
ಅರ್ಧ ಅಂಕ. ಆ ಅರ್ಧ ದಿನಕ್ಕೆ ಅಲ್ಲಿಗಲ್ಲಿಗೆ.

ಹೊರಗೆ ಬೆಂಚಿನ ಮೇಲೆ ಅವನಪ್ಪ: ಏನು ಕೆಲಸ ತಮ್ಮದು?
ಐಸ್, ಅಂದೆ.
ಐಎಎಸ್ಸೇ! ಎದ್ದು ನಿಂತರು,
ಮಗನ ಕುತ್ತಿಗೆ ಬಗ್ಗಿಸಿ ನನ್ನ ಕಾಲು ಮುಟ್ಟಿಸಿದರು.
ತಿದ್ದಲು ಬಾಯಿ ತೆರೆದೆ,
ಅಷ್ಟರಲ್ಲಿ ಮುಂದಿನ ಸುತ್ತಿನ ಗಂಟೆ ಬಡಿಯಿತು.