ಹಲ್ಲಿನ ವರದಿ

ಕಡಲ ತಳ ಕಂಡವನಲ್ಲ ನಾನು.
ಸಂಜೆ ಬಾರ್ಜಿನಿಂದ ಇಳಿದು ಬರುವ
ಗೋಣಿಚೀಲದ ಹಲ್ಲು ಕಂಡವನು.
ಬೈತಖೋಲದ ಧಕ್ಕೆಯ ಹಿಂದೆ
ಐಸ್ ಫ್ಯಾಕ್ಟರಿಯ ಗೋಡೆಗೆ ಆತ ತಗಡಿನ ಶೆಡ್ಡು,
ಒಂದು ವೆಲ್ಡಿಂಗ್ ಸೆಟ್ಟು, ಒಂದು ಬೆಂಚು.

ಕೇಬಲ್ಲು ಹೂಳುವ ಯಂತ್ರಕ್ಕೆ ನಲವತ್ತೆರಡು ಹಲ್ಲು.
ಮನುಷ್ಯನಿಗಿಂತ ಹತ್ತು ಜಾಸ್ತಿ,
ಹಸಿವೂ ಹಾಗೆಯೇ.
ಸರಪಳಿಯ ಮೇಲೆ ಸುತ್ತುತ್ತ ನೆಲ ಅಗಿಯುತ್ತವಂತೆ,
ಹಿಂದೆಯೇ ಕರಿ ಕೇಬಲ್ಲು ಸದ್ದಿಲ್ಲದೆ ಮಲಗುತ್ತದಂತೆ.
ಅಂತೆ, ಯಾಕೆಂದರೆ ಹೇಳಿದ್ದು ಅರುಳ್, ಆಪರೇಟರು,
ತೂತುಕುಡಿಯವನು.
ಅವನೂ ಕಂಡದ್ದು ಪರದೆಯ ಮೇಲಿನ ಕಲಕು ಬೂದಿಯನ್ನಷ್ಟೆ.

ಮೊದಲ ವಾರ, ಅಳಿವೆಯ ಹೊರಗೆ,
ಹಲ್ಲು ಬಂದವು ಹುಣಸೆ ಹಚ್ಚಿ ತಿಕ್ಕಿದ ತಂಬಿಗೆಯ ಹಾಗೆ,
ನನ್ನ ಮೀಸೆ ಕಾಣುವಷ್ಟು ಹೊಳೆದು.
ಹೊಸದರ ಹಾಗಿದೆ ಎಂದ ಅರುಳ್.
ಕ್ಯಾಲಿಪರ್ ಹಿಡಿದು ತೋರಿಸಿದೆ:
ಹನ್ನೊಂದು ಮಿಲಿಮೀಟರು ಇಲ್ಲ.
ಮರಳು ಕಚ್ಚುವುದಿಲ್ಲ, ನೆಕ್ಕುತ್ತದೆ.
ಘಟ್ಟದ ಬಂಡೆಯನ್ನೇ ನೆಕ್ಕಿ ನೆಕ್ಕಿ
ಕಾಳಿ ಮಾಡಿ ತಂದ ಮರಳು,
ಅದಕ್ಕೆ ಉಕ್ಕು ಯಾವ ಲೆಕ್ಕ.

ಎರಡನೇ ವಾರ ಹಲ್ಲೇ ಕಾಣಲಿಲ್ಲ.
ಸಂದುಸಂದಿಗೆ ನೀಲಿಗಪ್ಪು ಕೆಸರು,
ಕೆರೆದರೆ ಬೆರಳಿಗೆ, ಬೆರಳು ಒರೆಸಿದರೆ ಬಾಗಿಲಿಗೆ.
ಯಂತ್ರ ಅಗೆಯಲಿಲ್ಲ, ಇಳಿಯಿತು.
ಹದಿನೆಂಟು ಟನ್ನು ಹೊಟ್ಟೆಯವರೆಗೆ ಇಳಿದು
ಹೊಂಡದೊಳಗಿನ ಎಮ್ಮೆಯಂತೆ ಕೂತುಬಿಟ್ಟಿತು.
ಎಬ್ಬಿಸಲು ಎರಡು ಟಗ್ಗು, ಒಂದೂವರೆ ದಿನ.
ತೋಡಿದ ಕಾಲುವೆ ತಿರುಗಿ ನೋಡುವಷ್ಟರಲ್ಲಿ
ಇರಲೇ ಇಲ್ಲ.

ಆಮೇಲೆ ಗಟ್ಟಿ ಮರಳು.
ಅರುಳ್ ಬೈಯುತ್ತಲೇ ಬಂದ:
ನಿಧಾನ ಹೋದರೆ ಬಿಡುತ್ತದೆ,
ಜೋರು ಎಳೆದರೆ ಹಿಡಿಯುತ್ತದೆ, ಹಗ್ಗ ಹರಿಯುವಷ್ಟು,
ಕಂಪನಿಗೋ ದಿನಕ್ಕಿಷ್ಟು ಮೀಟರು ಬೇಕೇ ಬೇಕು.
ದ್ವಾರಕಾ ಆಗಷ್ಟೆ ಬುಟ್ಟಿ ಇಳಿಸಿದ್ದಳು.
ಕೋಡಿಬಾಗದ ಇಳಿತದಲ್ಲಿ
ಅಂಗಾಲಿನಿಂದ ಹುಡುಕಿ ಹೆಕ್ಕಿದ ತಿಸರೆ
ಇನ್ನೂ ಬಾಯಿ ಬಿಟ್ಟಿರಲಿಲ್ಲ.
ಅವಳು ಕೊಂಕಣಿಯಲ್ಲಿ ಅಂದಳು,
ನಾನು ಕನ್ನಡಕ್ಕೆ ತಂದೆ,
ಅವನು ತಮಿಳಿಗೆ ಹೇಗೆ ತಂದುಕೊಂಡನೋ:

ಒದ್ದೆ ಮರಳ ಮೇಲೆ ಕಾಲಿಟ್ಟು ನೋಡು,
ಪಾದದ ಸುತ್ತ ಒಣಗುತ್ತದೆ.
ಬಿಗಿದು ಕೂತದ್ದನ್ನು ಕೆಣಕಿದರೆ
ಮೈ ಉಬ್ಬಿಸಿ ನೀರು ಒಳಗೆಳೆಯುತ್ತದೆ.
ಆ ಹೊತ್ತಿಗೆ ಕಿತ್ತೆಯೋ, ಕಾಲು ಅಲ್ಲೇ.
ಹತ್ತು ಎಣಿಸು. ಅದು ಕುಡಿದು ಮುಗಿಸಲಿ.

ಅರುಳ್ ನಕ್ಕ. ಮಾರನೆಯ ದಿನ ನಗಲಿಲ್ಲ.
ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆಯಂತೆ,
ಉದ್ದ ಹೆಸರು, ಮರೆತೆ.

ನಿನ್ನೆ ಚೀಲ ಹಗುರ.
ನಲವತ್ತೆರಡರಲ್ಲಿ ಹತ್ತೊಂಬತ್ತು.
ಉಳಿದವು ಬುಡಸಮೇತ ಕಿತ್ತುಹೋಗಿ ಅಲ್ಲೇ ಬಿದ್ದಿವೆ.
ಒಂದರ ಸೀಳಿನಲ್ಲಿ ಕೆಂಪು ಚೂರು.
ಉಗುರಿಂದ ಎಬ್ಬಿಸಿ ದೀಪಕ್ಕೆ ಹಿಡಿದೆ:
ಚಿರೆಕಲ್ಲು.
ನಮ್ಮ ಮನೆ ಗೋಡೆಯ ಕಲ್ಲು, ಹನ್ನೆರಡು ಮಾರು ನೀರಿನ ಕೆಳಗೆ.
ಬಿಸಿಲು ಕಾಣದೆ ಚಿರೆ ಹೀಗೆ ಕೆಂಪಾಗುವುದಿಲ್ಲ.
ಅಂದರೆ ಅಲ್ಲಿ ಮಧ್ಯಾಹ್ನಗಳಿದ್ದವು.

ನಕ್ಷೆ ಬಿಡಿಸಿ ತೋರಿಸಿದ ಅರುಳ್:
ಇಲ್ಲೊಂದು ತೂತು ಕೊರೆದಿದ್ದಾರೆ, ಮರಳು.
ಅಲ್ಲೊಂದು, ಮರಳು.
ನಡುವೆ ಸ್ಕೇಲಿಟ್ಟು ಎಳೆದ ಗೆರೆ.
ಗೆರೆ ಎಳೆಯುವಾಗ
ಪೆನ್ಸಿಲ್ಲಿಗೆ ಯಾವ ಕಲ್ಲೂ ಸಿಗಲಿಲ್ಲ.

ನನಗೆ ಕೂಲಿ ಹಲ್ಲಿನ ಲೆಕ್ಕದಲ್ಲಿ.
ಹಾಗಾಗಿ ನಿಜ ಹೇಳುತ್ತೇನೆ, ನಾನು ಗಟ್ಟಿ ನೆಲದ ಪಕ್ಷ.
ದ್ವಾರಕಾಳ ತಮ್ಮ ಟ್ರಾಲ್ ಬೋಟಿನವನು,
ಎಷ್ಟು ಆಳ ಹೂಳುತ್ತಾರೆ, ನನ್ನ ಬಲೆಗೆ ಸಿಕ್ಕರೆ ದಂಡ ಯಾರಿಗೆ
ಎಂದು ಎರಡು ಸಲ ಕೇಳಿ ಹೋದ.
ಉತ್ತರ ಯಾವ ಹಲ್ಲಿನಲ್ಲೂ ಇರಲಿಲ್ಲ.

ರಾತ್ರಿ ಊಟಕ್ಕೆ ತಿಸರೆ.
ಎರಡನೇ ತುತ್ತಿಗೇ ಕರಕ್ ಎಂದಿತು.
ದ್ವಾರಕಾ ತಲೆಯೆತ್ತಿದಳು, ಸರಿಯಾಗಿ ತೊಳೆದಿದ್ದೆ ಎಂಬಂತೆ.
ನಾಲಿಗೆಯ ಮೇಲೆ ಹೊರಳಿಸಿ ನೋಡಿ ಹೇಳಿದೆ:
ಅಳಿವೆಯದು. ಮೊದಲ ವಾರದ್ದು.