ಆರರ ಬಾಲ

ದಾವಣಗೆರೆ ಮಂಡಿಪೇಟೆಯ ತಿರುವಿನಲ್ಲಿ ನಮ್ಮದೊಂದು ಡಬ್ಬಿ ಅಂಗಡಿ.
ಎಲೆ ಅಡಿಕೆ ಮುಂದೆ, ಲಾಟರಿ ಹಿಂದೆ,
ಪಕ್ಕದಲ್ಲಿ ಸ್ಟೂಲಿನ ಮೇಲೆ ನಾನು:
ಆರನೇ ಕ್ಲಾಸು, ಎರಡು ಜಡೆ, ಕೈಯಲ್ಲಿ ಸೀಮೆಸುಣ್ಣ.
ನಾಲ್ಕೂಕಾಲಿಗೆ ಎದುರಿನ ಎಸ್‌ಟಿಡಿ ಬೂತಿನಿಂದ
ಅಪ್ಪ ಒಂದೇ ಒಂದು ಅಂಕಿ ಕೂಗುವನು.
ಲಾರಿ ಹಾರನ್ನಿನ ನಡುವೆ ಅದು ನನ್ನ ಕಿವಿಗಷ್ಟೇ ತಿಳಿಯುವುದು.
ಒದ್ದೆ ಬಟ್ಟೆಯಲ್ಲಿ ನಿನ್ನೆಯದನ್ನು ಒರೆಸಿ
ಇವತ್ತಿನದನ್ನು ಬರೆಯುವೆನು.
ಅಪ್ಪನಿಗೆ ಹಟ, ಕನ್ನಡದ ಅಂಕಿಯೇ ಆಗಬೇಕು.

ಒರೆಸಿದರೂ ನಿನ್ನೆ ಪೂರ್ತಿ ಹೋಗುತ್ತಿರಲಿಲ್ಲ.
ಹಲಗೆಯ ಕಪ್ಪಿನೊಳಗೆ ಮಬ್ಬಾಗಿ
ಮೂರರ ಹೊಟ್ಟೆ, ಎಂಟರ ಕೊಂಬು, ಸೊನ್ನೆಯ ಬಾಯಿ
ಒಂದರ ಮೇಲೊಂದು ಕೂತಿರುತ್ತಿದ್ದವು.
ಗುರುಬಸಪ್ಪನವರು ಓದುತ್ತಿದ್ದದ್ದು ಆ ಮಬ್ಬನ್ನೇ.

ಮಿಲ್ಲು ಬಾಗಿಲು ಹಾಕುವ ತನಕ ಅವರು ತೂಕದ ಗುಮಾಸ್ತರು,
ಅರಳೆಯ ಅಂಡಿಗೆಗೆ ಇಷ್ಟು ಕಿಲೋ ಎಂದು ಬರೆದ ಕೈ.
ಮಿಲ್ಲಿನದೇ ಖಾಲಿ ಲೆಡ್ಜರಿನಲ್ಲಿ ಈಗ
ತಾರೀಖು, ಅಂಕಿ, ತಾರೀಖು, ಅಂಕಿ.
"ಏಳು ಬಂದು ಇವತ್ತಿಗೆ ಹತ್ತೊಂಬತ್ತು ದಿನ.
ಬರ್ಲೇಬೇಕಲ್ಲ, ಎಲ್ಲಿಗ್ ಹೋಗ್ತೈತಿ?
ತಕ್ಕಡಿ ಅಂದ್ಮೇಲೆ ಒಂದೇ ಕಡಿಗೆ ಎಷ್ಟು ದಿನ ವಾಲ್ತೈತಿ?"

ಮಂಡಕ್ಕಿ ಭಟ್ಟಿಯ ಚಮನ್‌ಸಾಬರದು ಬೇರೆಯೇ ಮತ:
"ಬಂದ ನೆಂಟನೇ ಮತ್ತೆ ಬರೋದು ರೀ,
ಬರದೋನಿಗೆ ಮನೆ ದಾರೀನೇ ಗೊತ್ತಿರಲ್ಲ."
ಎರಡು ಸಲ ಬಂದ ನಾಲ್ಕಕ್ಕೆ ಮೂರನೆಯ ಸಲವೂ ಹತ್ತು ರೂಪಾಯಿ.
ಅಪ್ಪನ ಗಲ್ಲಾದಲ್ಲಿ ಇಬ್ಬರ ನೋಟೂ ಒಂದೇ ಬಣ್ಣ.

ಇಪ್ಪತ್ತೆರಡನೆಯ ದಿನ ಅಪ್ಪ ಕೂಗಿದ್ದು ಆರು.
ನಾನು ಬರೆದದ್ದೂ ಆರೇ, ದೇವರಾಣೆ.
ಬಾಲ ಅತ್ತ ಹೋಗಬೇಕಾದದ್ದು ಇತ್ತ ತಿರುಗಿ
೬ ಎನ್ನುವುದು ೭ ಆಗಿ ಕೂತಿತ್ತು.

ಗುರುಬಸಪ್ಪನವರು ಕೂಗಲಿಲ್ಲ.
ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ,
ಹಾಕಿಕೊಂಡು, ಮತ್ತೆ ನೋಡಿದರು.
ಆಮೇಲೆ ಪಕ್ಕದ ಹೋಟೆಲಿಗೆ ಕೈಯೆತ್ತಿ,
"ಆರು ಮಂಡಕ್ಕಿ, ಆರು ಪ್ಲೇಟ್ ಮಿರ್ಚಿ."
ಚಮನ್‌ಸಾಬರೂ ತಿಂದರು, ತಮ್ಮದೇ ಭಟ್ಟಿಯ ಮಂಡಕ್ಕಿ.
ನನಗೂ ಒಂದು ಮಿರ್ಚಿ, ಪೇಪರಿನಲ್ಲಿ.
ಲೆಡ್ಜರಿನಲ್ಲಿ ಏಳನ್ನು ಕೆಂಪು ಶಾಯಿಯಲ್ಲಿ ಬರೆದದ್ದಾಯಿತು.
ಅರ್ಧ ತಾಸು.
ಅಪ್ಪ ರಸ್ತೆ ದಾಟಿ ಬಂದು ಹಲಗೆ ನೋಡುವವರೆಗೆ.

ನನಗೆ ಏಟು ಬಿತ್ತು, ಅದಿರಲಿ.
ಮಿರ್ಚಿಯ ದುಡ್ಡನ್ನು ಅವರೇ ಕೊಟ್ಟರು.
ಕೆಂಪು ಏಳಿನ ಮೇಲೆ ಅಡ್ಡಗೆರೆ ಎಳೆದು,
"ಬಾಲ ಸರಿಯಾಗಿ ಬರಿಯವ್ವ" ಎಂದರು.
ನಾಳೆಯ ಏಳಿಗೆ ಇಪ್ಪತ್ತು ರೂಪಾಯಿ ಇಟ್ಟು ಹೋದರು.

ಈಗ ಆ ಡಬ್ಬಿಯಿಲ್ಲ, ಲಾಟರಿಯಿಲ್ಲ, ಅವರೂ ಇಲ್ಲ.
ನಿನ್ನೆ ರಾತ್ರಿ ಹಾಲಿನ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿದೆ.
ಏಳು ಬಾರದ ಒಂದು ದಿನ, ಹತ್ತರಲ್ಲಿ ಒಂಬತ್ತು.
ಅದನ್ನು ಅದರಿಂದಲೇ ಗುಣಿಸುತ್ತ ಗುಣಿಸುತ್ತ
ಇಪ್ಪತ್ತೆರಡು ದಿನ ನಡೆದರೆ
ಮುಟ್ಟುವುದು ಹೆಚ್ಚುಕಡಿಮೆ ಹತ್ತರಲ್ಲಿ ಒಂದನ್ನು.
ಅಂದರೆ ಅಷ್ಟು ದಿನದ ಆ ಮುನಿಸು
ಯಾವುದೋ ಒಂದು ಸಂಜೆ ಏಳು ಬರುವಷ್ಟೇ ಸಾಮಾನ್ಯ.
ಮರುದಿನದ ಏಳು? ಅದೂ ಹತ್ತರಲ್ಲಿ ಒಂದೇ,
ಮೊದಲ ದಿನ ಇದ್ದಂತೆಯೇ.
ಲೆಡ್ಜರು ಅದಕ್ಕೆ ಗೊತ್ತಿಲ್ಲ, ಮಿಲ್ಲು ಮುಚ್ಚಿದ್ದು ಗೊತ್ತಿಲ್ಲ,
ನೀನು ಇಂಥವರಿಗೆ ಬಾಕಿ ಇದ್ದೀಯೆಂದು
ಯಾರೂ ಅದಕ್ಕೆ ಹೇಳಿ ಕಳಿಸಿರಲಿಲ್ಲ.
ತಕ್ಕಡಿಯೇ ಇರಲಿಲ್ಲ, ಗುರುಬಸಪ್ಪನವರೇ.
ಅಲ್ಲಿ ಒರೆಸಿದ್ದು ಒರೆಸಿಯೇ ಹೋಗುತ್ತಿತ್ತು,
ಮಬ್ಬು ಉಳಿಯುತ್ತಿದ್ದದ್ದು ನಮ್ಮ ಹಲಗೆಯಲ್ಲಿ ಮಾತ್ರ.

ಇಷ್ಟೆಲ್ಲ ತಿಳಿದವಳಿಗೆ
ಇಪ್ಪತ್ತಮೂರನೆಯ ದಿನ ಏನು ಬಂತೆಂಬುದೇ ನೆನಪಿಲ್ಲ.
ಬರೆದವಳು ನಾನೇ.
ಸ್ಟೂಲಿನ ಕುಂಟು ಕಾಲು ನೆನಪಿದೆ,
ಮೆಣಸಿನಕಾಯಿ ಕರಿದ ಘಾಟು ನೆನಪಿದೆ,
ನಾಲಿಗೆ ಕಚ್ಚಿಕೊಂಡು, ಉಸಿರು ಹಿಡಿದು,
ಬಾಲವನ್ನು ಜೋಪಾನವಾಗಿ ತಿರುಗಿಸಿದ್ದು ನೆನಪಿದೆ,
ಯಾವ ಅಂಕಿಯದೋ.