ಟ್ಯಾಂಕಿನ ಬಣ್ಣ

ಆರ್‌ಸಿ ಪುಸ್ತಕದಲ್ಲಿ ಮೂರೇ ಹೆಸರು.
ಹಂಚಿನ ಕಾರ್ಖಾನೆಯ ಬಿಳಿ ದೊರೆ,
ಅವನಿಂದ ಕೊಂಡ ವಲೇರಿಯನ್ ಲಸ್ರಾದೊ,
ಸಾಲಕ್ಕೆ ಹಿಡಿದಿಟ್ಟುಕೊಂಡ ಬಂದರಿನ ಮೊಯ್ದಿನಬ್ಬ.
ಒಣಮೀನಿನ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ;
ಈಗಲೂ ಇಂಜಿನ್ ಕಾದರೆ
ಹರಳೆಣ್ಣೆಯ ಜೊತೆ ತುಸು ಬೂತಾಯಿ ವಾಸನೆ.

ಲಸ್ರಾದೊ ಮನೆಯ ಗೋಡೆಯಲ್ಲಿ ಫೋಟೊ:
ಅರವತ್ತೇಳು, ತಣ್ಣೀರುಬಾವಿ,
ಕಡಲು ಇಳಿದಾಗಿನ ಗಟ್ಟಿ ಮರಳು,
ಹಾರದೊಳಗೆ ಆರಡಿ ಆಳು, ಕೈಯಲ್ಲಿ ಕಪ್.

ನಾನು ಜೆಪ್ಪಿನ ಮೆಕ್ಯಾನಿಕ್, ಫೋಟೊ ನಂಬುವುದಿಲ್ಲ.
ಮೊಣಕಾಲು ಒತ್ತಿ ಒತ್ತಿ
ಟ್ಯಾಂಕಿನ ಬಣ್ಣ ಸವೆದು ತಗಡು ಕಾಣುತ್ತದಲ್ಲ,
ಅದು ಆರಡಿಯವನ ಕಾಲಲ್ಲ.
ಸೀಟು ಮುಂದೆ ಸರಿಸಲು ಕೈಯಲ್ಲೇ ಕೊರೆದ ಎರಡು ತೂತು.
ಗೇರಿನ ಪೆಡಲಿಗೆ ಬೆಸೆದ ಹಿತ್ತಾಳೆ ಚೂರು,
ಗಿಡ್ಡ ಪಾದಕ್ಕೆ ಎಟುಕಲೆಂದು.

"ಗ್ಯಾರೇಜಿನಲ್ಲಿ ಐತ ಅಂತ ಒಬ್ಬನಿದ್ದ,"
ಚಹಾ ಸೋಸುತ್ತ ಲಸ್ರಾದೊನ ತಂಗಿ ಅಂದಳು,
"ಗೆದ್ದ ಮೇಲೆ ಡೇರೆಯ ಹಿಂದೆ
ಹೆಲ್ಮೆಟ್ ಕೈ ಬದಲಾಗುತ್ತಿತ್ತು."
ಸಕ್ಕರೆ ಎಷ್ಟು ಎಂದು ಕೇಳಿದಳು.

ಗೋವಾದಿಂದ ಗಿರಾಕಿ ಬಂದಿದ್ದಾನೆ.
ಚಾಸಿ ನಂಬರು, ಇಂಜಿನ್ ನಂಬರು ತಾಳೆ ನೋಡಿದ,
ಎಲ್ಲ ಸರಿ.
ಟ್ಯಾಂಕಿಗೊಂದು ಹೊಸ ಬಣ್ಣ ಹೊಡೆದು ಕೊಡಿ ಅಂದ.

ಅದೊಂದು ಆಗುವುದಿಲ್ಲ ಮಾರಾಯ್ರೆ,
ಬೇಕಾದರೆ ಐದು ಸಾವಿರ ಕಮ್ಮಿ ಕೊಡಿ.